ಬದಲಿಸದೆ ಉಳಿದ ಭಾಗ

ಮಾರ್ಚ್ 3, ಸೋಮವಾರ

ಕ್ರೇನಿಗೊಂದು ಲಾಗ್‌ಬುಕ್ ಇದೆ. ಹನ್ನೊಂದು ವರ್ಷದಿಂದ ಒಂದು ದಿನ ತಪ್ಪದೆ ಬರೆದಿದ್ದೇನೆ. ಗಾಳಿ ಎಷ್ಟಿತ್ತು, ಉಕ್ಕಿನ ಹಗ್ಗ ಹೇಗಿತ್ತು, ಏನು ಎತ್ತಿದೆ, ಎಲ್ಲಿ ಇಳಿಸಿದೆ. ಇವತ್ತಿನಿಂದ ಈ ದರಿದ್ರ ಲ್ಯಾಪ್‌ಟಾಪಿಗೂ ಒಂದು ಲಾಗ್‌ಬುಕ್. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಅರ್ಧ ಖಾಲಿ ಇತ್ತು, ಸಾಕು. ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಬೈಗುಳಕ್ಕೂ ಅಡ್ಡಿಯಿಲ್ಲ.

ರೋಗ ಏನೆಂದರೆ, ಆಟದ ಮಧ್ಯೆ ಹ್ಯಾಂಗ್ ಆಗುತ್ತೆ. ಆಟ ನಾನು, ನನ್ನ ಭಾಮೈದ ಇಬ್ಬರೇ ಸೇರಿ ಆಡುವಂಥದ್ದು. ಅವನು ಅವನ ಮನೆಯಿಂದ, ನಾನು ನಮ್ಮ ಮನೆಯಿಂದ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಜನ ಬಿಟ್ಟುಹೋದ ಒಂದು ಊರೊಳಗೆ ನುಗ್ಗುತ್ತೇವೆ. ಗೋಡೆ ಮರೆಯಿಂದ ಶತ್ರುಗಳು ಗುಂಡು ಹಾರಿಸುತ್ತಾರೆ. ಸಂಜೆ ಕೆಲಸ ಮುಗಿಸಿ ಬಂದಮೇಲೆ ಒಂದು ಗಂಟೆ, ಅಷ್ಟೇ ನನ್ನ ಚಟ. ಸಿಗರೇಟಿಲ್ಲ, ಕುಡಿತ ಇಲ್ಲ, ಇದೊಂದಾದರೂ ಇರಲಿ ಅಂತ ಹೆಂಡತಿ ಸುಮ್ಮನಿದ್ದಾಳೆ.

ಇವತ್ತು ಆ ಊರಿನ ಓಣಿಯಲ್ಲಿ ಓಡುತ್ತಿದ್ದೆ. ಇನ್ನೇನು ಮೂರನೇ ಮನೆ ದಾಟಬೇಕು, ಸುಟ್ಟ ವಾಸನೆ ಬಂತು, ರಬ್ಬರ್ ಸುಟ್ಟ ಹಾಗೆ. ಮರುಕ್ಷಣ ನೋಡಿದರೆ ನಾನು ಸತ್ತು ಬಿದ್ದಿದ್ದೇನೆ. ನಡುವಿನದೇನೂ ಕಾಣಿಸಲೇ ಇಲ್ಲ. ಚಿತ್ರ ಅಲ್ಲೇ ಸಿಕ್ಕಿಕೊಂಡು ಆಮೇಲೆ ಒಂದೇ ಸಲಕ್ಕೆ ಮುಂದಕ್ಕೆ ನೆಗೆದಿದೆ.

"ಭಾವ, ಎಲ್ಲಿ ಹೋಗಿದ್ರಿ? ಕಂಬದ ಹಾಗೆ ನಿಂತ್ಬಿಟ್ರಲ್ಲ!" ಅಂತ ಭಾಮೈದ ಕಿವಿಯಲ್ಲಿ ಕೂಗುತ್ತಿದ್ದ.

"ನಾನಲ್ವೋ, ಲ್ಯಾಪ್‌ಟಾಪ್ ನಿಂತಿದ್ದು" ಅಂದೆ.

ಎಂಟು ದಿನದಲ್ಲಿ ಇದು ಎರಡನೇ ಸಲ. ಸುಟ್ಟ ವಾಸನೆ ಬಂತೆಂದರೆ ಒಳಗೆ ಏನೋ ಕಾಯುತ್ತಿದೆ. ಬಿಚ್ಚಿ ನೋಡಬೇಕು.

ಮಾರ್ಚ್ 5, ಬುಧವಾರ

ಬಿಚ್ಚಿದೆ. ಫ್ಯಾನಿನಲ್ಲಿ ಒಂದು ದಿಂಬಿಗೆ ಆಗುವಷ್ಟು ಧೂಳು. ಬ್ರಷ್ ಹಾಕಿ ತೆಗೆದು, ಒಳಗಿನ ಚಿಪ್ ಮೇಲೆ ಶಾಖ ಎಳೆಯೋಕೆ ಹಚ್ಚಿರುವ, ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಬೇರೇನನ್ನೂ ಮುಟ್ಟಲಿಲ್ಲ.

ನನಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಕಿವಿ ಹಿಂಡಿ ಹೇಳಿಕೊಟ್ಟ ಕ್ರಮ ಇದು. ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು. ಓಡಿಸಬೇಕು, ಬರೆಯಬೇಕು. ಆಮೇಲೆ ಮುಂದಿನದು. ಹಾಗೆ ಮಾಡುತ್ತ ಹೋದರೆ ಯಾವ ಯಂತ್ರವೂ ಮುಚ್ಚಿಟ್ಟುಕೊಳ್ಳಲಾರದು. ಈಗಿನವರು ಒಟ್ಟಿಗೆ ನಾಲ್ಕು ಭಾಗ ಬದಲಿಸಿ, ಸರಿಯಾದರೆ ಯಾವುದರಿಂದ ಆಯಿತು ಅಂತ ತಲೆ ಕೆರೆದುಕೊಳ್ಳುತ್ತಾರೆ. ನಾನು ಆ ಜಾತಿಯವನಲ್ಲ.

ಹೆಂಡತಿ ಬೈದಳು. ನನ್ನ ಅಂಗಿಯ ಮೇಲಿಂದ ಮೂರನೇ ಗುಂಡಿ ಮತ್ತೆ ಇಲ್ಲವಂತೆ. ಅವಳದು ಹೊಲಿಗೆ ಅಂಗಡಿ. "ಬೀದಿಯವರಿಗೆಲ್ಲ ಹೊಲಿದುಕೊಡೋಳ ಗಂಡ ಎದೆ ತೆರ್ಕೊಂಡು ಓಡಾಡಿದ್ರೆ ನನ್ನ ಮರ್ಯಾದೆ ಏನಾಗಬೇಕು ರೀ? ಏನು ಗುಂಡಿ ತಿಂತೀರಾ?" ಅಂದಳು. ದಾರ ಸರಿ ಇರಲಿಲ್ಲವೇನೋ ಅಂದುಬಿಟ್ಟೆ, ಅದು ಇನ್ನೂ ದೊಡ್ಡ ತಪ್ಪಾಯಿತು.

ಮಾರ್ಚ್ 8, ಶನಿವಾರ

ಮತ್ತೆ ಹ್ಯಾಂಗ್. ಅದೇ ಓಣಿ. ಭಾಮೈದ ಗಡಿಯಾರ ನೋಡಿದನಂತೆ, ನಲವತ್ತು ಸೆಕೆಂಡು.

ಲ್ಯಾಪ್‌ಟಾಪ್ ಮಾರಿದ ರಿಪೇರಿಯವನ ಅಂಗಡಿಗೆ ಹೋಗಿ ಕೂಗಾಡಿದೆ. ಸೆಕೆಂಡ್ ಹ್ಯಾಂಡ್ ಮಾಲು ತಲೆಗೆ ಕಟ್ಟಿದ್ದೀಯ ಅಂದೆ. ಅವನು ಬಹಳ ತಾಳ್ಮೆಯ ಮನುಷ್ಯ, ಅದಕ್ಕೇ ಇನ್ನೂ ಸಿಟ್ಟು ಬರುತ್ತೆ. "ಸರ್, ವಾಸನೆ ಬಂದಾಗ ಮನೇಲಿ ಬೇರೆ ಯಾರಿಗಾದ್ರೂ ಬಂತಾ?" ಅಂತ ಕೇಳಿದ. ಎದುರಿಗೇ ಕೂತು ಓದಿಕೊಳ್ಳುವ ಮಗಳಿಗೆ ಬಂದಿಲ್ಲ. ಅವಳಿಗೆ ಸದಾ ನೆಗಡಿ, ಅವಳ ಮೂಗನ್ನು ಸಾಕ್ಷಿಗೆ ಕರೆಯೋಕಾಗುತ್ತಾ?

ಮಾರ್ಚ್ 9, ಭಾನುವಾರ

ಇದನ್ನು ಬರೆಯಲೋ ಬೇಡವೋ ಅಂತ ಅನುಮಾನ. ಆದರೆ ಲಾಗ್‌ಬುಕ್ ಅಂದಮೇಲೆ ಎಲ್ಲ ಬರೆಯಬೇಕು.

ಸುಟ್ಟ ವಾಸನೆಗಿಂತ ಒಂದು ಕ್ಷಣ ಮೊದಲು ಇನ್ನೊಂದು ಆಗುತ್ತೆ. ಆ ಓಣಿ ನನಗೆ ಗೊತ್ತು ಅನ್ನಿಸುತ್ತೆ. ಆಟ ಆಡಿ ಆಡಿ ಗೊತ್ತಿರುವುದು ಬೇರೆ. ನಾನು ಅಲ್ಲಿ ಯಾವತ್ತೋ ಇದ್ದೆ, ಇದೇ ಹೆಜ್ಜೆ ಇಟ್ಟಿದ್ದೆ, ಈಗ ಏನಾಗುತ್ತೆ ಅಂತ ನನಗೆ ಗೊತ್ತು ಅನ್ನುವ ಹಾಗೆ. ಹೊಟ್ಟೆಯಿಂದ ಏನೋ ತಣ್ಣಗೆ ಎದೆಗೆ ಏರುತ್ತೆ. ಆಗ ಮೂರನೇ ಮನೆಯ ಕಪ್ಪು ಕಿಟಕಿಯಲ್ಲಿ ಒಂದು ಮುಖ. ಕಣ್ಣು ಬಿಟ್ಟುಕೊಂಡು ಏನೋ ಅಗಿಯುತ್ತ ನನ್ನ ಕಡೆ ನೋಡುತ್ತೆ. ಆದರೆ ನನ್ನನ್ನು ನೋಡುವುದಿಲ್ಲ.

ಭಾಮೈದನನ್ನು ಕೇಳಿದೆ. "ಆ ಕಿಟಕೀಲಿ ಯಾರೂ ಇಲ್ಲ ಭಾವ. ನಾನು ಒಳಗೇ ಹೋಗಿ ಬಂದಿದೀನಿ, ಬರೀ ಖಾಲಿ ಪೆಟ್ಟಿಗೆ" ಅಂದ.

ಹಾಗಾದರೆ ಗ್ರಾಫಿಕ್ಸ್ ಕೆಟ್ಟಿದೆ. ಇಲ್ಲದ್ದನ್ನು ತೋರಿಸುತ್ತಿದೆ. ಅದರ ಡ್ರೈವರ್ ಸಾಫ್ಟ್‌ವೇರ್ ತೆಗೆದು ಹಳೆಯದನ್ನು ಹಾಕಿದೆ.

ಮಾರ್ಚ್ 12, ಬುಧವಾರ

ಲ್ಯಾಪ್‌ಟಾಪ್ ಕೂಡ ತನ್ನದೇ ಒಂದು ಲಾಗ್‌ಬುಕ್ ಇಟ್ಟುಕೊಳ್ಳುತ್ತೆ ಅಂತ ಮಗಳು ತೋರಿಸಿದಳು. ಪ್ರತಿಯೊಂದಕ್ಕೂ ಗಂಟೆ, ನಿಮಿಷ, ಸೆಕೆಂಡು. ಶನಿವಾರ ಹ್ಯಾಂಗ್ ಆದ ಹೊತ್ತನ್ನು ಹುಡುಕಿದೆ. ಶಾಖ ಸರಿಯಾಗಿದೆ, ಫ್ಯಾನ್ ಓಡಿದೆ. ಆ ನಲವತ್ತು ಸೆಕೆಂಡಿನಲ್ಲೂ ಒಂದೂ ಬಿಡದೆ ಬರೆದುಕೊಂಡಿದೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ಇದಕ್ಕೆ ಸುಳ್ಳು ಬರೆಯೋದೂ ಗೊತ್ತು!

ಊಟಕ್ಕೆ ಕೂತಾಗ ಮಗಳು, "ಅಪ್ಪ, ಒಂದು ಸಲ ಡಾಕ್ಟರ ಹತ್ರ ಹೋಗೋಣ್ವಾ?" ಅಂದಳು. ಸಣ್ಣ ಅಕ್ಷರ ಓದಿ ಓದಿ ಕಣ್ಣು ನೋಯುತ್ತಿರಬೇಕು. ಅವಳಿಗೆ ಕನ್ನಡಕ ಬೇಕಾಗಬಹುದು ಅಂತ ಹೆಂಡತಿಗೆ ಹೇಳಿದ್ದೇನೆ. ನನ್ನದು ಹದ್ದಿನ ಕಣ್ಣು, ಹೋದ ತಿಂಗಳ ಪರೀಕ್ಷೆಯಲ್ಲೂ ಪಾಸು. ಅವಳಿಗೆ ಯಾರದ್ದು ಬಂತೋ.

ಮಾರ್ಚ್ 15, ಶನಿವಾರ

ಕೆಲಸದಲ್ಲಿ ದೊಡ್ಡ ಸುದ್ದಿ. ಕಟ್ಟಡದ ನೆಲಮಾಳಿಗೆಗೆ ಎಂಟು ಟನ್ನಿನ ಜನರೇಟರ್ ಇಳಿಸಬೇಕು, ಮೂವತ್ತೊಂದನೇ ತಾರೀಖು. ಹೊಂಡದ ಬಾಯಿಗೂ ಹೊರೆಗೂ ನಾಲ್ಕು ಬೆರಳು ಸಂದು. ಇದೇ ಸೈಟಿನಲ್ಲಿ ನನ್ನ ಹೊರೆಗಳಿಗೆ ದಾರಿ ತೋರಿಸುವ ಭಾಮೈದ ಕೆಳಗೆ ನಿಂತು ಕೈಯಿಟ್ಟು ಸರಿಮಾಡಿಕೊಳ್ಳಬೇಕು. ಇಂಥ ಕೆಲಸ ಈ ಸೈಟಿನಲ್ಲಿ ನನ್ನೊಬ್ಬನಿಂದಲೇ ಸಾಧ್ಯ. ಇನ್ನೊಂದು ಕ್ರೇನಿನ ಆಪರೇಟರ್ ಹೆಂಗಸು ಇದ್ದಾಳೆ, ನಾನು ಅವಳಿಗಿಟ್ಟ ಹೆಸರು ನಿಧಾನಮ್ಮ. ಒಂದು ಮೂಟೆ ಇಳಿಸುವಷ್ಟರಲ್ಲಿ ಕೆಳಗಿನವರ ಗಡ್ಡ ಬೆಳೆದಿರುತ್ತೆ.

ಸುರಕ್ಷತೆ ನೋಡಿಕೊಳ್ಳುವ ಆಫೀಸರ್ ಸದಾ ಕೊರಳಿಗೆ ಸೀಟಿ ನೇತುಹಾಕಿಕೊಂಡಿರುತ್ತಾರೆ, ಎಲ್ಲರೂ ಸೀಟಿ ಸಾಹೇಬರು ಅಂತಲೇ ಕರೆಯೋದು. ಹೊರೆಯಿಂದ ಆರು ಹೆಜ್ಜೆ ದೂರ ನಿಲ್ಲಬೇಕು ಅಂತ ಭಾಮೈದನಿಗೆ ಇವತ್ತೂ ಸೀಟಿ ಊದಿದರು. ಅವನು ಹಲ್ಲು ಕಿರಿದು, "ಸಾಹೇಬ್ರೇ, ಮೇಲಿರೋದು ನಮ್ಮ ಭಾವ. ನಮ್ಮಕ್ಕನ್ನ ಕೊಟ್ಟಿದೀವಿ, ತಲೆ ಮೇಲೆ ಹಾಕ್ತಾರಾ?" ಅಂದ. ಎಲ್ಲರೂ ನಕ್ಕರು. ಬೇರೆಯವರು ಮೇಲಿದ್ದರೆ ಅವನೂ ದೂರವೇ ನಿಲ್ಲುತ್ತಾನೆ. ನಾನಿದ್ದರೆ ಮಾತ್ರ ಹೊರೆ ಪಕ್ಕದಲ್ಲೇ. ನನಗೆ ಅದೊಂದು ಹೆಮ್ಮೆ, ಸುಳ್ಳೇಕೆ ಬರೆಯಲಿ.

ಮಾರ್ಚ್ 16, ಭಾನುವಾರ

ರ‍್ಯಾಮ್ ಬದಲಿಸಿದೆ. ಒಂದು ಗಂಟೆ ಸರಿಯಾಗಿ ಓಡಿತು. ಆಮೇಲೆ ಹ್ಯಾಂಗ್. ಐವತ್ತು ಸೆಕೆಂಡು.

ಎಚ್ಚರ ತಪ್ಪದೆ ನೋಡುತ್ತಲೇ ಇದ್ದೆ. ಆದರೂ ಯಾವಾಗ ನಿಂತಿತು ಅಂತ ಹಿಡಿಯಲಾಗಲಿಲ್ಲ. ಕಣ್ಣೆದುರಿಗೇ ಜೇಬು ಕತ್ತರಿಸಿದ ಹಾಗೆ. ಸರಿಹೋದಮೇಲೆ ನೋಡಿದರೆ ಪಕ್ಕದಲ್ಲಿದ್ದ ಚಹಾ ಮೇಜಿನ ಆ ತುದಿಯಲ್ಲಿತ್ತು, ಮಗಳು ಪುಸ್ತಕ ಮುಚ್ಚಿ ನನ್ನ ಕುರ್ಚಿ ಪಕ್ಕ ಬಂದು ನಿಂತಿದ್ದಳು.

"ಅಪ್ಪ, ನಾನು ಕಾಣಿಸ್ತಾ ಇದ್ನಾ ನಿನಗೆ?"

ಇದೆಂಥ ಪ್ರಶ್ನೆ! ಕಾಣಿಸದೆ ಏನು, ನೀನೇನು ದೆವ್ವವಾ ಅಂದೆ. ಅವಳು ನಗಲಿಲ್ಲ.

ಮಾರ್ಚ್ 19, ಬುಧವಾರ

ಇವತ್ತು ಚಾರ್ಜರ್ ಸರದಿ. ಭಾಮೈದನ ಮನೆಯದ್ದು ತಂದು ಹಾಕಿದೆ. ಆಟ ಶುರುಮಾಡಿ ಅರ್ಧ ಗಂಟೆ ಏನೂ ಆಗಲಿಲ್ಲ, ಊಟಕ್ಕೆ ಎದ್ದೆ. ಈಗ ಊಟ ಮುಗಿಸಿ ಬರೆಯುತ್ತಿದ್ದೇನೆ, ಮತ್ತೆ ಆ ವಾಸನೆ, ಲ್ಯಾಪ್‌ಟಾಪ್ ಆಫ್ ಇದ್ದರೂ ಆಮೇಲೆ ಆಮೇಲೆ ಆಮೇ

ಮಾರ್ಚ್ 20, ಗುರುವಾರ

ನಿನ್ನೆಯ ಪುಟ ನೋಡಿದರೆ ಕೊನೆಯ ಅಕ್ಷರದಿಂದ ಒಂದು ಗೆರೆ ಜಾರಿ ಪುಟದ ಬುಡದವರೆಗೂ ಹೋಗಿದೆ. ಯಾರೋ ಪೆನ್ನು ಹಿಡಿದು ಸುಮ್ಮನೆ ಕೈ ಇಳಿಬಿಟ್ಟ ಹಾಗೆ. ನೀನಾ ಗೀಚಿದ್ದು ಅಂತ ಮಗಳಿಗೆ ಗದರಿದೆ. ಇಲ್ಲ ಅಂದಳು. ಕಣ್ಣಲ್ಲಿ ನೀರು ತಂದುಕೊಂಡಳು. ಹದಿನಾರು ವರ್ಷದವರ ಜೊತೆ ಮಾತಾಡೋದೇ ಕಷ್ಟ.

ಅದಿರಲಿ. ಇವತ್ತು ಸೈಟಿನಲ್ಲಿ ಜೀವ ಬಾಯಿಗೆ ಬಂತು. ಕಬ್ಬಿಣದ ಸರಳಿನ ಕಟ್ಟು ಇಳಿಸುತ್ತಿದ್ದೆ. ಕೆಳಗೆ ಭಾಮೈದ. ವಾಕಿಟಾಕಿಯಲ್ಲಿ "ಇಳಿಸಿ, ಇಳಿಸಿ" ಅನ್ನುತ್ತಿದ್ದವನು ಆಮೇಲೆ ಏನೂ ಹೇಳಲಿಲ್ಲ. ಒಂದು ಮಾತೂ ಬರಲಿಲ್ಲ. ನೋಡಿದರೆ ಕಟ್ಟು ನೆಲಕ್ಕೆ ಕೂತು, ಹಗ್ಗ ಸಡಿಲವಾಗಿ, ಕೆಳಗೆ ಜನ ಓಡಾಡುತ್ತಿದ್ದಾರೆ. ಅವನ ಊಟದ ಡಬ್ಬಿ ಅಡಿಯಲ್ಲಿ ಸಿಕ್ಕಿ ಹಾಳೆಯಷ್ಟು ತೆಳ್ಳಗಾಗಿದೆ. ಅವನು ಡಬ್ಬಿಯ ಪಕ್ಕದಲ್ಲೇ ನಿಂತಿದ್ದನಂತೆ, ನೆಗೆದು ಪಾರಾದ.

"ಮೂರು ಸಲ ನಿಲ್ಸಿ ನಿಲ್ಸಿ ಅಂತ ಅರಚಿದೆ ಭಾವ!"

ನನಗೆ ಒಂದೂ ಕೇಳಿಸಿಲ್ಲ. ವಾಕಿಟಾಕಿ ಬ್ಯಾಟರಿ ಕೈಕೊಟ್ಟಿದೆ. ಸೀಟಿ ಸಾಹೇಬರು ಎರಡೂ ವಾಕಿಟಾಕಿ ಬದಲಿಸಿ ಹೊಸದು ಕೊಟ್ಟರು. ಸಂಜೆ ಭಾಮೈದ ಆ ಚಪ್ಪಟೆ ಡಬ್ಬಿ ಎತ್ತಿ ಎಲ್ಲರಿಗೂ ತೋರಿಸಿ, "ಅಕ್ಕ ಮಾಡಿಕೊಟ್ಟ ಪಲ್ಯ ಭಾವನಿಗೆ ಇಷ್ಟವಿಲ್ಲ, ಅದಕ್ಕೇ ಸೇಡು" ಅಂತ ನಗಿಸುತ್ತಿದ್ದ. ಆಮೇಲೆ ಅದನ್ನು ಬಿಸಾಡದೆ ಚೀಲಕ್ಕೆ ಹಾಕಿಕೊಂಡ.

ಈ ಕಾಲದ ಯಾವ ವಸ್ತುವನ್ನೂ ನಂಬುವ ಹಾಗಿಲ್ಲ.

ಮಾರ್ಚ್ 23, ಭಾನುವಾರ

ಮಧ್ಯಾಹ್ನ ಆಡುವಾಗ ಪರದೆಯನ್ನೇ ರೆಕಾರ್ಡ್ ಮಾಡಿಟ್ಟೆ. ಹ್ಯಾಂಗ್ ಆಯಿತು. ಕಳ್ಳ ಸಿಕ್ಕ ಅಂದುಕೊಂಡು ತೆರೆದು ನೋಡಿದೆ.

ಏನೂ ನಿಂತಿಲ್ಲ. ಹೊಗೆ ಏಳುತ್ತಿದೆ, ಗುಂಡು ಹಾರುತ್ತಿದೆ, ಎಲೆ ಅಲುಗಾಡುತ್ತಿದೆ. ಭಾಮೈದನ ಆಳು ನನ್ನ ಸುತ್ತ ಎರಡು ಸುತ್ತು ಬಂದ. ನಾನೊಬ್ಬ ಮಾತ್ರ ಮೂರನೇ ಮನೆಯ ಗೋಡೆಗೆ ಮುಖ ಮಾಡಿ ನಿಂತಿದ್ದೇನೆ. ಒಂದು ನಿಮಿಷಕ್ಕೂ ಹೆಚ್ಚು. ಶತ್ರು ನಡೆದುಬಂದು, ತಲೆಗೆ ಗುರಿಯಿಟ್ಟು, ಹೊಡೆಯುತ್ತಾನೆ. ಆಮೇಲೂ ನಾನು ಅಲ್ಲಾಡುವುದಿಲ್ಲ. ಕಿಟಕಿಯಲ್ಲಿ ಯಾರೂ ಇಲ್ಲ.

ಯಾಕೋ ಅದನ್ನು ಎರಡನೇ ಸಲ ನೋಡಲಾಗಲಿಲ್ಲ. ಆದರೆ ಒಂದು ಇತ್ಯರ್ಥವಾಯಿತು. ಉಳಿದದ್ದೆಲ್ಲ ಓಡುತ್ತಿದೆ, ನಾನು ಕೊಡುವ ಆಜ್ಞೆ ಮಾತ್ರ ಒಳಗೆ ಹೋಗುತ್ತಿಲ್ಲ. ಅಂದರೆ ಕೀಬೋರ್ಡ್.

ಮಾರ್ಚ್ 24, ಸೋಮವಾರ

ಬೇರೆ ಕೀಬೋರ್ಡ್ ಹಚ್ಚಿದೆ. ಹ್ಯಾಂಗ್. ನಾಳೆ ಇದನ್ನು ಆ ರಿಪೇರಿಯವನ ಮುಖದ ಮೇಲೆ ಎಸೆದು ಬರುತ್ತೇನೆ.

ಅಂಗಿಯಲ್ಲಿ ಇನ್ನೂ ಎರಡು ಗುಂಡಿ ಇಲ್ಲ.

ಮಾರ್ಚ್ 26, ಬುಧವಾರ

ಲ್ಯಾಪ್‌ಟಾಪ್ ಅಂಗಡಿಯಲ್ಲಿದೆ. ಬರೆಯುವಂಥದ್ದೇನೂ ಇಲ್ಲ. ಆದರೂ ಒಂದು ಮಾತು.

ಬೆಳಗ್ಗೆ ಕ್ಯಾಬಿನ್ನಿನಲ್ಲಿ, ನೆಲದಿಂದ ಅರವತ್ತು ಮೀಟರ್ ಮೇಲೆ, ಅದೇ ಸುಟ್ಟ ವಾಸನೆ ಬಂತು. ಅಲ್ಲಿ ನಾನೊಬ್ಬನೇ. ಕೆಳಗೆ ಕಾಣುವ ಊರನ್ನೆಲ್ಲ ಯಾವತ್ತೋ ಹೀಗೇ ನೋಡಿದ್ದೆ ಅನ್ನಿಸಿತು. ದಿನಾ ನೋಡುತ್ತೇನಲ್ಲ, ಅನ್ನಿಸದೆ ಏನು. ಆಮೇಲೆ ನೋಡಿದರೆ ಫ್ಲಾಸ್ಕ್ ಉರುಳಿ ಚಹಾ ಕಾಲ ಮೇಲೆಲ್ಲ ಚೆಲ್ಲಿದೆ. ತೊಡೆ ಕೆಂಪಾಗಿದೆ. ಬಿಸಿ ಚಹಾ ಬಿದ್ದರೆ ಯಾರಿಗಾದರೂ ತಕ್ಷಣ ಗೊತ್ತಾಗುತ್ತೆ. ನನಗೆ ಗೊತ್ತಾಗುವಷ್ಟರಲ್ಲಿ ಅದು ಆರಿತ್ತು.

ಪುಣ್ಯಕ್ಕೆ ಆಗ ಕೊಕ್ಕೆಯಲ್ಲಿ ಹೊರೆ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಕೇಬಲ್ಲನ್ನೆಲ್ಲ ನೋಡಿ, ಎಲ್ಲೂ ಏನೂ ಸುಟ್ಟಿಲ್ಲ ಅಂದ. ಲ್ಯಾಪ್‌ಟಾಪಿನ ವಾಸನೆ ನನ್ನ ಬಟ್ಟೆಗೆ ಅಂಟಿಕೊಂಡಿರಬೇಕು. ಹೆಂಡತಿಗೆ ಎಲ್ಲ ಅಂಗಿ ಒಗೆಯೋಕೆ ಹಾಕು ಅಂದೆ. ಅವಳು ಹೊಸದೇ ಹೊಲಿದು ಇಟ್ಟಿದ್ದಳು, ಗುಂಡಿಯ ಜಾಗದಲ್ಲಿ ಜಿಪ್ ಹಾಕಿ. "ಈಗ ಅದೇನು ಕೀಳ್ತೀರೋ ಕಿತ್ಕೊಳ್ಳಿ" ಅಂದಳು.

ಮಾರ್ಚ್ 28, ಶುಕ್ರವಾರ

ರಿಪೇರಿಯವನು ವಾಪಸ್ ಕೊಟ್ಟ. ಮೂರು ದಿನ ಅದೇ ಆಟ ಹಾಕಿ ಆಡಿದನಂತೆ. ಒಂದು ಸಲವೂ ನಿಂತಿಲ್ಲ.

"ಸರ್, ಇದರಲ್ಲಿ ದೋಷ ಇಲ್ಲ" ಅಂದ. ಆಮೇಲೆ ನನ್ನ ಮುಖ ನೋಡಿ ಇನ್ನೇನೋ ಹೇಳೋಕೆ ಹೊರಟು, "ನೀವು ಈಗ ಸ್ವಲ್ಪ ಹೊತ್ತು ಎಲ್ಲಿ ನೋಡ್ತಾ ಇದ್ರಿ?" ಅಂದ. ನಾನು ಅವನನ್ನೇ ನೋಡುತ್ತಿದ್ದೆ. ಅವನ ಅಂಗಡಿ ರೇಡಿಯೋದಲ್ಲಿ ಒಂದು ಹಾಡು ಬರುತ್ತಿತ್ತು, ಅದು ಥಟ್ಟನೆ ವಾರ್ತೆಯಾಯಿತು. ಸ್ಟೇಷನ್ ಬದಲಿಸಿರಬೇಕು.

ಮಾರ್ಚ್ 29, ಶನಿವಾರ

ಮಧ್ಯಾಹ್ನ ಮಗಳೇ ಆಡುತ್ತೇನೆ ಅಂತ ಕೂತಳು. ಅವಳಿಗೆ ಈ ಆಟ ಅಂದರೆ ಅಷ್ಟಕ್ಕಷ್ಟೇ. ಆದರೂ ಮೂರು ಗಂಟೆ ಎದ್ದೇಳದೆ ಆಡಿದಳು. ಅದೇ ಓಣಿಯಲ್ಲಿ, ಅದೇ ಮೂರನೇ ಮನೆ ಮುಂದೆ, ಬೇಕೆಂದೇ ಹೋಗಿ ಬಂದು ಮಾಡಿದಳು. ಒಂದು ಸಲವೂ ಹ್ಯಾಂಗ್ ಆಗಲಿಲ್ಲ. ಮುಗಿಸಿ ನನ್ನ ಕಡೆ ತಿರುಗಿ, "ನೋಡ್ದಾ ಅಪ್ಪ?" ಅಂದಳು. ಗೆದ್ದವಳ ಮುಖ ಆಗಿರಲಿಲ್ಲ ಅದು.

ನೋಡಿದೆ. ಕ್ರಮವಾಗಿ ಯೋಚಿಸಿದೆ. ಫ್ಯಾನ್, ಪೇಸ್ಟ್, ಡ್ರೈವರ್, ರ‍್ಯಾಮ್, ಚಾರ್ಜರ್, ಕೀಬೋರ್ಡ್ ಎಲ್ಲ ಆಯಿತು. ಬದಲಿಸದೆ ಉಳಿದ ಭಾಗ ಯಾವುದು? ಅವಳು ಆಡಿದ್ದು ಊಟದ ಮೇಜಿನ ಹತ್ತಿರ. ನಾನು ಆಡೋದು ಕಿಟಕಿ ಪಕ್ಕ.

ಕುರ್ಚಿ. ಇಲ್ಲವೆಂದರೆ ಆ ಗೋಡೆಯ ಪ್ಲಗ್ ಪಾಯಿಂಟ್.

ಎರಡೂ ಬದಲಿಸುತ್ತೇನೆ, ಮೊದಲು ಕುರ್ಚಿ. ನಾಳೆ ಫೋನನ್ನು ಕಪಾಟಿನ ಮೇಲೆ ಒರಗಿಸಿಟ್ಟು ಎಲ್ಲದರ ವಿಡಿಯೋ ಚಿತ್ರ ತೆಗೆಯುತ್ತೇನೆ. ಹೊಗೆ ಬಂದರೆ ಹೊಗೆ, ಕಿಡಿ ಬಂದರೆ ಕಿಡಿ. ಸಾಕ್ಷಿ ಇಲ್ಲದೆ ಯಾರೂ ನಂಬುತ್ತಿಲ್ಲ.

ಮಾರ್ಚ್ 30, ಭಾನುವಾರ

ಚಿತ್ರ ನೋಡಿದೆ.

ಹೊಗೆ ಇಲ್ಲ. ಲ್ಯಾಪ್‌ಟಾಪ್ ಚೆನ್ನಾಗಿದೆ.

ನಾನು ಕೂತಿದ್ದೇನೆ. ಆಡುತ್ತಿದ್ದೇನೆ, ಭಾಮೈದನಿಗೆ ಏನೋ ಬೈಯುತ್ತಿದ್ದೇನೆ. ಮಾತಿನ ಮಧ್ಯದಲ್ಲೇ ನಿಲ್ಲುತ್ತೇನೆ. ಕಣ್ಣು ತೆರೆದೇ ಇದೆ. ಬಾಯಲ್ಲಿ ಏನೂ ಇಲ್ಲ, ಆದರೂ ಅಗಿಯುತ್ತಿದ್ದೇನೆ. ಎಡಗೈ ಕೀಬೋರ್ಡಿನ ಮೇಲೆ ಬಿಗಿಯಾಗಿ ಹಾಗೇ ಇದೆ. ಬಲಗೈ ಮೌಸ್ ಬಿಟ್ಟು ಮೇಲೆ ಬಂದು ಎದೆಯ ಹತ್ತಿರ, ಮೂರನೇ ಗುಂಡಿ ಇರುತ್ತಿದ್ದ ಜಾಗದಲ್ಲಿ ಜಿಪ್ಪನ್ನು ತಿರುಚುತ್ತೆ, ತಿರುಚುತ್ತೆ. ಕಿಟಕಿಯಲ್ಲಿ ನೋಡಿದ ಮುಖ ಇದೇ. ಪರದೆಯ ಕಪ್ಪು ಜಾಗದಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ, ನಾನು ನನ್ನನ್ನೇ ನೋಡಿದ್ದು.

ಆಮೇಲೆ ಚಿತ್ರದಲ್ಲಿ ಮಗಳು ಬರುತ್ತಾಳೆ. ಗಾಬರಿಯಿಲ್ಲ, ಕೂಗಾಟ ಇಲ್ಲ. ಲ್ಯಾಪ್‌ಟಾಪ್ ಪಕ್ಕದ ಬಿಸಿ ಲೋಟವನ್ನು ನನ್ನ ಕೈಗೆ ತಾಗದ ಹಾಗೆ ದೂರ ಸರಿಸುತ್ತಾಳೆ. ಕುರ್ಚಿಯ ಪಕ್ಕ ಮಂಡಿಯೂರಿ ಕೂರುತ್ತಾಳೆ. ಅವಳ ತುಟಿ ಅಲ್ಲಾಡುತ್ತಿದೆ. ಕೊನೆಗೆ ತೋಳಿನ ಬಟ್ಟೆಯಿಂದ ನನ್ನ ಬಾಯಿ ಒರೆಸಿ ಎದ್ದುಹೋಗುತ್ತಾಳೆ. ಮರುಕ್ಷಣ ನಾನು ತಲೆ ಕೊಡವಿ, "ಥತ್, ಮತ್ತೆ ಹ್ಯಾಂಗಾಯ್ತು" ಅನ್ನುತ್ತೇನೆ.

ಅವಳನ್ನು ಕರೆದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಏನು ಹೇಳ್ತಾ ಇದ್ದೆ ಅಲ್ಲಿ ಕೂತು?"

"ಎಣಿಸ್ತಾ ಇದ್ದೆ ಅಪ್ಪ."

"ಎಷ್ಟು ದಿನದಿಂದ?"

"ಹೋದ ವರ್ಷ ನನ್ನ ಪರೀಕ್ಷೆ ಟೈಮಿಂದ. ಮೊದಲು ಹತ್ತು ಎಣಿಸೋದ್ರೊಳಗೆ ನೀನು ವಾಪಸ್ ಬಂದ್ಬಿಡ್ತಿದ್ದೆ. ಆಮೇಲೆ ಅರವತ್ತು. ಇವತ್ತು ತೊಂಬತ್ತೆರಡು." ಫೋನಿನಲ್ಲಿದ್ದ ನನ್ನ ಮುಖ ತೋರಿಸಿದಳು. "ಪ್ರತಿ ಸಲ ಇನ್ನೂ ದೂರ ಹೋಗ್ತಾ ಇದೀಯ ಅಪ್ಪ."

"ಹೇಳಬಾರದಿತ್ತಾ?"

"ಹೇಳ್ದೆ. ನೀನೇ ನನಗೇನೂ ಆಗಿಲ್ಲ, ಲ್ಯಾಪ್‌ಟಾಪ್ ಸರಿ ಇಲ್ಲ ಅಂದೆ. ಅಮ್ಮನಿಗೂ ಹೇಳ್ದೆ. ಅಪ್ಪ ಏನೋ ಯೋಚನೇಲಿರ್ತಾರೆ, ಸುಮ್ನಿರು ಅಂದಳು."

ಹೆಂಡತಿ ಹೊಲಿಗೆ ಯಂತ್ರ ಬಿಟ್ಟು ಬಂದು ಚಿತ್ರ ನೋಡಿದಳು. ಅರ್ಧಕ್ಕೇ ಫೋನ್ ಮೇಜಿನ ಮೇಲೆ ಬೋರಲು ಹಾಕಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಗುಂಡಿ ತಿಂತೀರಾ ಅಂತ ಆಡ್ಕೊಂಡ್ನಲ್ಲ ರೀ" ಅಂತ ಅದನ್ನೇ ಹೇಳಿ ಹೇಳಿ ಅತ್ತಳು.

ನನಗೆ ಅಳು ಬರುತ್ತಿಲ್ಲ. ಆ ಚಪ್ಪಟೆ ಡಬ್ಬಿ ಕಣ್ಣ ಮುಂದಿಂದ ಹೋಗುತ್ತಿಲ್ಲ. ಕ್ಯಾಬಿನ್ನಿನಲ್ಲಿ ನನ್ನ ಎಡಗೈ ಲಿವರ್ ಮೇಲಿರುತ್ತೆ. ಬಿಗಿಯಾಗಿ ಹಾಗೇ ಇರುತ್ತೆ.

ನಾಳೆ ಜನರೇಟರ್.

ಮಾರ್ಚ್ 31, ಸೋಮವಾರ

ಬೆಳಗ್ಗೆ ಏಣಿಯ ಬುಡದವರೆಗೂ ಹೋದೆ. ಸುಳ್ಳು ಬರೆಯುವುದಿಲ್ಲ, ಮೊದಲ ಮೆಟ್ಟಿಲಿಗೆ ಕೈಯೂ ಹಾಕಿದೆ. ವಾಸನೆ ಬಂದ ಕೂಡಲೇ ಲಿವರ್ ಬಿಟ್ಟರಾಯಿತು, ಇದೊಂದು ದಿನ ಹೇಗೋ ಆಗುತ್ತೆ ಅಂತ ಒಳಗಿನಿಂದ ಯಾರೋ ಹೇಳುತ್ತಿದ್ದರು. ಹನ್ನೊಂದು ವರ್ಷ ಮೇಲಿದ್ದವನು ನಾಳೆಯಿಂದ ಏನು, ಬಾಗಿಲು ಕಾಯೋದಾ? ಅಷ್ಟರಲ್ಲಿ ಭಾಮೈದ ಹೆಲ್ಮೆಟ್ ಹಾಕಿಕೊಂಡು ಎದುರಿಗೆ ಬಂದ. "ಭಾವ, ಇವತ್ತು ಊಟದ ಡಬ್ಬೀನ ದೂರ ಇಟ್ಟಿದೀನಿ" ಅಂತ ನಕ್ಕ.

ಮೆಟ್ಟಿಲಿಂದ ಕೈ ತೆಗೆದೆ.

"ಆವತ್ತು ವಾಕಿಟಾಕಿ ಸರಿಯಾಗೇ ಇತ್ತು ಕಣೋ" ಅಂದೆ. "ನೀನು ಕೂಗಿದ್ದು ಮೇಲಿನ ತನಕ ಬಂದಿತ್ತು. ಕೇಳೋಕೆ ನಾನಿರಲಿಲ್ಲ."

ಫೋನ್ ಕೊಟ್ಟೆ. ಪೂರ್ತಿ ನೋಡಿದ. ಸಿಮೆಂಟ್ ಇಟ್ಟಿಗೆಯ ಮೇಲೆ ಕೂತುಬಿಟ್ಟ. ಬೈಯಲಿ ಅಂತ ಕಾದೆ. ಫೋನ್ ವಾಪಸ್ ಕೊಟ್ಟು, "ಆಟದಲ್ಲಿ ಎಷ್ಟು ಸಲ ನಿಮ್ಮ ಸುತ್ತ ಸುತ್ತಿದೀನಿ ಭಾವ, ನಗಾಡ್ಕೊಂಡು" ಅಂದ, ಅಷ್ಟೇ.

ಇಬ್ಬರೂ ಸೀಟಿ ಸಾಹೇಬರ ಹತ್ತಿರ ಹೋದೆವು. ಕ್ಯಾಬಿನ್ನಿನ ಬೀಗದ ಕೈ ಅವರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಭಾಮೈದನ ಮುಖ ನೋಡಿ, "ಇವತ್ತು ನೀನೂ ಬೇಡ, ಇಬ್ಬರೂ ಬೇಲಿ ಆಚೆ ನಿಂತ್ಕೊಳ್ಳಿ" ಅಂದರು. ನಿಧಾನಮ್ಮನನ್ನು ಕರೆಸಿದರು. ಏಣಿ ಹತ್ತುವ ಮೊದಲು ಅವಳು ನನ್ನ ಹತ್ತಿರ ಬಂದು, ಲಿವರ್ ಎಲ್ಲಾದರೂ ಬಿಗಿಯಾ, ಗಾಳಿಗೆ ಯಾವ ಕಡೆ ಎಳೆಯುತ್ತೆ ಅಂತ ಕೇಳಿಕೊಂಡಳು. ನನಗೆ ಅವಳ ಮುಖ ನೋಡೋಕಾಗಲಿಲ್ಲ. ಎಲ್ಲ ಹೇಳಿಕೊಟ್ಟೆ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೆಳಗಿನಿಂದ ನೋಡಿದೆ. ಎಂಟು ಟನ್ ಭಾರ ತಲೆ ಮೇಲೆ ಹೋಗುವಾಗ ಎಷ್ಟು ದೊಡ್ಡದು ಕಾಣುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಹೊರೆ ಹೊಂಡದ ಬಾಯಿಗೆ ಬಂದು ನಿಂತಿತು. ಕೆಳಗೆ ಇಬ್ಬರು, ಆರು ಹೆಜ್ಜೆ ದೂರದಲ್ಲಿ, ಉದ್ದ ಹಗ್ಗ ಹಿಡಿದು ತಿರುಗಿಸಿಕೊಳ್ಳುತ್ತಿದ್ದರು. ನಿಧಾನಮ್ಮ ಬೆರಳಷ್ಟು ಬೆರಳಷ್ಟೇ ಇಳಿಸುತ್ತಿದ್ದಳು.

ಆಗ ಹೊಟ್ಟೆಯಿಂದ ತಣ್ಣಗೆ ಏರತೊಡಗಿತು. ಈ ಬೇಲಿ, ಈ ಹೊಂಡ, ಪಕ್ಕದಲ್ಲಿ ಇವನು, ಎಲ್ಲ ಮೊದಲೇ ಆಗಿತ್ತು. ರಬ್ಬರ್ ಸುಟ್ಟ ವಾಸನೆ ಬಂತು.

"ಎಣಿಸು" ಅಂದೆ ಭಾಮೈದನಿಗೆ.

ಮರುಕ್ಷಣ ಹೊರೆ ಇರಲಿಲ್ಲ. ಹಗ್ಗ ಹೊಂಡದೊಳಗೆ ಇಳಿದು ಸಡಿಲವಾಗಿತ್ತು, ಒಳಗಿನಿಂದ ಮೇಲೆ ಬಂದ ಇಬ್ಬರೂ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದರು. ಭಾಮೈದ ನನ್ನನ್ನು ಎರಡೂ ಕೈಯಿಂದ ಅಪ್ಪಿ ಹಿಡಿದುಕೊಂಡಿದ್ದ, ಕೆನ್ನೆ ಎಲ್ಲ ಒದ್ದೆ.

"ನೂರ ಎಂಬತ್ತು ಭಾವ" ಅಂದ. "ಆಮೇಲೆ ಎಣಿಸೋಕಾಗಲಿಲ್ಲ."

ನನ್ನ ಬಲಗೈ ಮುಷ್ಟಿಯಾಗಿತ್ತು. ಬಿಡಿಸಿ ನೋಡಿದೆ. ಅವನ ಅಂಗಿಯ ಮೂರನೇ ಗುಂಡಿ, ದಾರದ ಸಮೇತ.

ನಾಳೆ ಹತ್ತು ಗಂಟೆಗೆ ಮೆದುಳಿನ ಡಾಕ್ಟರ ಹತ್ತಿರ ಹೋಗಬೇಕು. ಹೆಂಡತಿ ಬರುತ್ತಾಳೆ. ಡಾಕ್ಟರಿಗೆ ತೋರಿಸೋಕೆ ಈ ಪುಸ್ತಕ ತೆಗೆದುಕೊಂಡು ಹೋಗು ಅಂತ ಮಗಳು ಅಂದಿದ್ದಾಳೆ, ಅದಕ್ಕೇ ಬೈಗುಳ ಇರುವಲ್ಲೆಲ್ಲ ಕಾಣದ ಹಾಗೆ ಗೆರೆ ಎಳೆಯುತ್ತ ಕೂತಿದ್ದೇನೆ. ಅವಳು ಎದುರಿನ ಕುರ್ಚಿಯಲ್ಲಿದ್ದಾಳೆ. ಅವಳ ಪಾಠದ ಪುಸ್ತಕ ತೆರೆದಿದೆ, ಓದುತ್ತಿಲ್ಲ. ನನ್ನ ಪೆನ್ನನ್ನೇ ನೋಡುತ್ತಿದ್ದಾಳೆ.